ಅಜ್ಜಾರ ತಲೆಗೆ ಯಾವ ಸಾಬೂನು?

ವರದಾ ನದಿಯ ದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಹುಣ್ಣಿಮೆಯ ಬೆಳಿಗ್ಗೆ ಶಿಷ್ಯನೇ ಗುರುವಿನ ತಲೆ ಬೋಳಿಸಬೇಕು. ಒಂದು ಹನಿ ರಕ್ತ ಬಾರದಂತೆ ಬೋಳಿಸಿದ ದಿನ ಅವನಿಗೆ ಕಾವಿ ಬಟ್ಟೆ, ದೀಕ್ಷೆ.

ಕೊಟ್ರೇಶ ಅಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಕತ್ತಿ ಅವನ ಕೈಗೆ ಬಂದದ್ದು ಈ ಶ್ರಾವಣದಲ್ಲಿ. ಮೊದಲ ಸಲವೇ ಗುರುಗಳ ಬಲಗಿವಿಯ ಹಿಂದೆ ರಕ್ತ ಬಂತು.

ಗುರುಗಳನ್ನು ಸುತ್ತಲಿನ ಊರವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಮುಖ ಸಹ ಕಿವುಚಲಿಲ್ಲ. ಪಟಿಕದ ಕಲ್ಲನ್ನು ನೀರಿನಲ್ಲಿ ಅದ್ದಿ ಗಾಯಕ್ಕೆ ಒತ್ತಿಕೊಂಡರು.

"ಸಾಬೂನು ಸರಿ ಇಲ್ರಿ ಅಜ್ಜಾರ," ಎಂದ ಕೊಟ್ರೇಶ. "ಬಟ್ಟಿ ಒಗಿಯೋ ಸಾಬೂನು ಇದು. ನೊರಿ ನಿಲ್ಲೂದs ಇಲ್ಲ."

"ಹೌದೇನು? ಹಂಗಾರ ಛಲೋದು ಹುಡುಕು."

ಅಷ್ಟು ಹೇಳಿದ್ದೇ ತಡ, ಕೊಟ್ರೇಶ ಟೊಂಕ ಕಟ್ಟಿ ನಿಂತ. ಆಶ್ರಮಕ್ಕೆ ಬರುವ ಮೊದಲು ಅವನು ಗದಗಿನಲ್ಲಿ ಅತ್ತರಿನ ಅಂಗಡಿಯಲ್ಲಿದ್ದವನು. ಸಂಸಾರ ಬಿಟ್ಟು ಬಂದಿದ್ದ, ಮೂಗನ್ನು ಮಾತ್ರ ಬಿಟ್ಟು ಬಂದಿರಲಿಲ್ಲ.

ಒಂದು ನೋಟುಬುಕ್ಕಿನಲ್ಲಿ ಗೆರೆ ಹೊಡೆದ. ನೊರೆ, ಪರಿಮಳ, ಬಾಳಿಕೆ. ಉಳಿದ ಜಾಗದಲ್ಲಿ ಸಣ್ಣಕ್ಷರದಲ್ಲಿ, ಗಾಯ.

ಮನೆಯಲ್ಲಿ ಕೈಯಿಂದ ಸಾಬೂನು ಮಾಡುವವರು ಎಲ್ಲೆಲ್ಲಿದ್ದಾರೆಂದು ವಿಚಾರಿಸಿಕೊಂಡು ಹೋದ. ಗಂಧದ ಸಾಬೂನು ತಂದ. ಆಡಿನ ಹಾಲಿನ ಸಾಬೂನು ತಂದ. ಒಂದೊಂದನ್ನೂ ಬಟ್ಟಲಿನಲ್ಲಿ ಬ್ರಶ್ಶಿನಿಂದ ತಿರುವಿ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತ ಕೂತ. ನೋಡಿದಷ್ಟೂ ಕುತೂಹಲ ಹೆಚ್ಚಿತು.

ಕೈ ಪಳಗಲೆಂದು ಹಿತ್ತಿಲಿನ ಬಳ್ಳಿಗೆ ಗಂಟುಬಿದ್ದ. ಎಳೆ ಬೂದುಗುಂಬಳದ ಮೈಮೇಲೆ ಸಣ್ಣ ರೋಮ ಇರುತ್ತದಲ್ಲ, ಅದಕ್ಕೆ ನೊರೆ ಹಚ್ಚಿ ಕತ್ತಿ ಆಡಿಸಿದ. ಒಂದೇ ವಾರದಲ್ಲಿ ಏಳು ಕುಂಬಳಕಾಯಿಗಳಿಗೆ ಕ್ಷೌರವಾಯಿತು. ಒಂದಕ್ಕೂ ಗೀರು ಬೀಳಲಿಲ್ಲ.

"ಏನಪಾ ಕೊಟ್ರೇಶಿ," ಎಂದರು ಅಜ್ಜಾರು ಊಟಕ್ಕೆ ಕೂತಾಗ, "ಸಾರಿನಾಗ ಗಂಧದ ಘಮ ಬರಾಕತ್ತೈತಿ?"

"ತೊಳದು ಹಾಕೀನ್ರಿ ಅಜ್ಜಾರ."

"ಇರಲಿ. ಕುಂಬಳಕಾಯಿ ಏನಂದ್ವು?"

"ಏನೂ ಅನ್ಲಿಲ್ರಿ. ಬಾಳ ಛಲೋ ಬಂತು."

ಆದರೆ ಭಾದ್ರಪದದ ಹುಣ್ಣಿಮೆಗೆ ಮತ್ತೆ ರಕ್ತ ಬಂತು. ಆಶ್ವೀಜದ ಹುಣ್ಣಿಮೆಗೂ ಬಂತು. ಎರಡು ಸಲವೂ ಕೊಟ್ರೇಶ ಮೊದಲು ನೋಡಿದ್ದು ಬಟ್ಟಲಿನ ಕಡೆಗೆ.

ಆಶ್ವೀಜದ ಗಾಯಕ್ಕೆ ಪಟಿಕ ಒತ್ತಿಕೊಳ್ಳುತ್ತಲೇ ಅಜ್ಜಾರು ಹೇಳಿದರು: "ಕಾರ್ತೀಕ ಹುಣ್ಣಿವಿ ಆದ ಮರುದಿನ ನಾ ಕಾಶಿಗೆ ಹೊಂಡತೇನಿ. ನಡಕೊಂತ."

"ಯಾವಾಗ ಬರತೀರಿ?"

"ಎಪ್ಪತ್ತೆಂಟು ವರ್ಷದ ಕಾಲು. ಅವನ್ನs ಕೇಳಬೇಕು."

ಕೊಟ್ರೇಶ ಬೆರಳು ಮಡಿಚಿ ಎಣಿಸಿದ. ಇನ್ನು ಉಳಿದದ್ದು ಒಂದೇ ಹುಣ್ಣಿಮೆ. ಅವನಿಗೆ ಕಾವಿ ಬೇಕಿತ್ತು ನಿಜ. ಆದರೆ ಅಜ್ಜಾರ ಕೈಯಿಂದಲೇ ಬೇಕಿತ್ತು, ಬೇರೆ ಯಾರ ಕೈಯಿಂದಲೂ ಬೇಡವಾಗಿತ್ತು.

ಮರುದಿನವೇ ತೆಪ್ಪ ಹತ್ತಿ ಆಚೆ ದಂಡೆಯ ಸಕ್ರೆವ್ವನ ಮನೆಗೆ ಹೋದ. ಸಕ್ರೆವ್ವ ಕೊಬ್ಬರಿ ಎಣ್ಣೆ, ಔಡಲ ಎಣ್ಣೆ ಸೇರಿಸಿ, ಲಾವಂಚದ ಬೇರು ಹಾಕಿ ಸಾಬೂನು ಮಾಡುತ್ತಿದ್ದಳು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಕೊಟ್ರೇಶನ ಮೂಗು ಅರಳಿತು.

"ಯಾರ ತಲಿಗೆ ಬೇಕು?" ಎಂದು ಕೇಳಿದಳು ಅವಳು.

"ಅಜ್ಜಾರ ತಲಿಗೆ."

"ಚರ್ಮ ಒಣಾ ಐತೋ, ಜಿಡ್ಡು ಐತೋ?"

ಕೊಟ್ರೇಶ ಒಂದು ಬಿಲ್ಲೆ ಎತ್ತಿ ಮೂಸಿದ.

"ಹೋಗಲಿ, ಕೂದಲ ಯಾ ಕಡೆ ಮಲಗತೈತಿ? ಸುಳಿ ಎಷ್ಟು ಅದಾವು?"

"ಅದನ್ನೆಲ್ಲ ನಾ ನೋಡಿಲ್ಲ ಯವ್ವಾ. ನೊರಿ ಎಷ್ಟು ಬರತೈತಿ ಹೇಳು."

ಸಕ್ರೆವ್ವ ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ನಕ್ಕಳು. "ನೊರಿಗೇನು ಬರ? ನೀ ಸಾಕು ಅನ್ನೂತನಕ ಬರತೈತಿ."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಸಾಬೂನಿನ ನೊರೆ ಬಟ್ಟಲು ತುಂಬಿ ಹೊರಗೆ ಇಳಿಯಿತು, ಅರ್ಧ ತಾಸಾದರೂ ಕುಸಿಯಲಿಲ್ಲ. ಬಿಲ್ಲೆ ಬೇಗ ಸವೆಯುವಂಥದ್ದೂ ಅಲ್ಲ. ಕೊಟ್ರೇಶ ಮೂರು ಅಂಕಣದಲ್ಲೂ 'ಉತ್ತಮ' ಎಂದು ಬರೆದು, ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಮಲಗಿದ.

ಕಾರ್ತೀಕ ಹುಣ್ಣಿಮೆಯ ಬೆಳಿಗ್ಗೆ ಅಜ್ಜಾರು ನದಿಯ ಮೆಟ್ಟಿಲ ಮೇಲೆ ಕೂತರು. ಪಕ್ಕದಲ್ಲಿ ಒಂದು ಸಣ್ಣ ಗಂಟು, ಮಾರನೆಯ ದಿನದ ದಾರಿಗೆ ಕಟ್ಟಿಕೊಂಡದ್ದು.

"ಈ ಸಲ ಸಿಕ್ಕೈತ್ರಿ ಅಜ್ಜಾರ, ಎಲ್ಲಾದರಾಗೂ ಇದs ಮೇಲು," ಎಂದ ಕೊಟ್ರೇಶ.

"ಹೆಂಗ ಗೊತ್ತು?"

"ಬರದೀನ್ರಿ."

"ಓದು, ಕೇಳೂಣು."

ಕೊಟ್ರೇಶ ನೋಟುಬುಕ್ಕು ತೆರೆದು ಹುರುಪಿನಿಂದ ಓದಿದ. "ಶ್ರಾವಣ. ಬಟ್ಟೆ ಸಾಬೂನು. ನೊರೆ ಕಡಿಮೆ. ಪರಿಮಳ ಇಲ್ಲ. ಬಾಳಿಕೆ ಬಹಳ. ಗಾಯ, ಬಲಗಿವಿಯ ಹಿಂದೆ."

"ಮುಂದ?"

"ಭಾದ್ರಪದ. ಗಂಧದ ಸಾಬೂನು. ನೊರೆ ಮಧ್ಯಮ. ಪರಿಮಳ ಸಂಜೆಯವರೆಗೆ. ಬೇಗ ಕರಗುತ್ತದೆ. ಗಾಯ, ಬಲಗಿವಿಯ ಹಿಂದೆ."

"ಹೂಂ."

"ಆಶ್ವೀಜ. ಆಡಿನ ಹಾಲಿನದು. ನೊರೆ ಬೆಣ್ಣೆಯಂತೆ. ಪರಿಮಳ ತೆಳು. ಬಾಳಿಕೆ ಪರವಾಗಿಲ್ಲ. ಗಾಯ..." ಅವನ ದನಿ ಇಳಿಯಿತು. "ಬಲಗಿವಿಯ ಹಿಂದೆ."

"ಸಾಬೂನು ಎಷ್ಟಾದ್ವು?"

"ಮೂರು ರೀ."

"ಗಾಯ?"

"ಮೂ..." ಎಂದವನು ತಡೆದ. ಪುಟವನ್ನು ಇನ್ನೊಮ್ಮೆ ನೋಡಿದ. "ಒಂದs ರೀ."

ಅಜ್ಜಾರು ತಲೆ ಬಗ್ಗಿಸಿದರು. "ಹಚ್ಚು ನಿನ್ನ ಹೊಸಾ ಸಾಬೂನು," ಎಂದರು.

ಕೊಟ್ರೇಶ ಹಚ್ಚಿದ. ಅಜ್ಜಾರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡರು. "ವಾಸನಿ ಬಾಳ ಛಲೋ ಐತಪಾ. ನಿನ್ನ ಮೂಗಿಗೆ ಮೆಚ್ಚಬೇಕು."

ಕೊಟ್ರೇಶನಿಗೆ ಹಿಗ್ಗಾಯಿತು. ಇನ್ನಷ್ಟು ಹಚ್ಚಿದ. ಹಣೆಯಿಂದ ಕುತ್ತಿಗೆಯವರೆಗೆ ಎಲ್ಲ ಬೆಳ್ಳಗಾಯಿತು. ಕತ್ತಿ ಎತ್ತಿದ.

"ನಿಂದ್ರು," ಎಂದರು ಅಜ್ಜಾರು. "ಏನು ಕಾಣತೈತಿ?"

"ನೊರಿ ರೀ."

"ತಲಿ?"

"ನೊರಿ ಕೆಳಗ ಐತ್ರಿ."

ಅಜ್ಜಾರು ಎದ್ದರು. ಎರಡು ಮೆಟ್ಟಿಲು ಇಳಿದು ನೀರಿನಲ್ಲಿ ಮುಳುಗು ಹಾಕಿದರು. ಸಕ್ರೆವ್ವನ ಲಾವಂಚ, ಕೊಟ್ರೇಶನ ಮೂರು 'ಉತ್ತಮ', ಎಲ್ಲ ಒಟ್ಟಿಗೆ ಹೊಳೆಯ ಪಾಲಾದವು. ಅವನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ.

ಅಜ್ಜಾರು ಮೇಲೆ ಬಂದು, ಒದ್ದೆ ತಲೆಯಲ್ಲೇ, ಅವನಿಗೆ ಬೆನ್ನು ಮಾಡಿ ಕೂತರು.

ಕೊಟ್ರೇಶ ಕತ್ತಿ ಕೆಳಗಿಟ್ಟ. ಏನು ಮಾಡಬೇಕೆಂದು ತಿಳಿಯಲಿಲ್ಲ. ಅಂಗೈಯನ್ನು ಮೆಲ್ಲಗೆ ಆ ತಲೆಯ ಮೇಲೆ ಇಟ್ಟ.

ಚರ್ಮ ಒಣ, ಒದ್ದೆಯಲ್ಲೂ ಒರಟಾಗಿತ್ತು. ನೆತ್ತಿಯ ಹತ್ತಿರ ಎರಡು ಸುಳಿಗಳಿದ್ದವು. ಹಣೆಗಿಂತ ಮೇಲೆ, ಕೂದಲಿನಡಿ ಒಂದು ಹಳೆಯ ತಗ್ಗಿತ್ತು, ಎಂದೋ ಬಿದ್ದು ಪೆಟ್ಟಾದದ್ದು. ಹಿಂದಲೆಯ ಕೂದಲು ಕೆಳಕ್ಕಲ್ಲ, ಅಡ್ಡಕ್ಕೆ ಮಲಗಿತ್ತು. ನಾಲ್ಕು ವರ್ಷ ದಿನವೂ ಕಂಡ ತಲೆ, ಮೂರು ಸಲ ಬೋಳಿಸಿದ ತಲೆ. ಇದರಲ್ಲಿ ಇಷ್ಟೆಲ್ಲ ಇದೆಯೇ ಎಂದು ಅವನಿಗೆ ಬೆರಗಾಯಿತು. ಬೆರಳು ಮುಂದೆ ಮುಂದೆ ಹೋಯಿತು.

ಬಲಗಿವಿಯ ಹಿಂದೆ ಬೆರಳು ನಿಂತಿತು. ಕೂದಲಿನ ಒಳಗೆ, ಜೋಳದ ಕಾಳಿನಷ್ಟು ಒಂದು ಗಂಟು. ಅದರ ಮೇಲೆ ಮೂರು ಸಣ್ಣ ಗೆರೆಗಳು, ಒಂದರ ಪಕ್ಕ ಒಂದು.

ಅವನಿಗೆ ನಾಚಿಕೆಯಾಯಿತು. ಕಣ್ಣು ತುಂಬಿ ಬಂತು. ಬೆರಳನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.

ಅಜ್ಜಾರು ಕೈ ಚಾಚಿ ಪಕ್ಕದ ಬಟ್ಟೆಗಂಟು ಬಿಚ್ಚಿದರು. ಮಡಿಚಿಟ್ಟಿದ್ದ ಕಾವಿ ಬಟ್ಟೆ ತೆಗೆದು, ತಿರುಗಿ ನೋಡದೆಯೇ, ಅವನ ಕಡೆಗೆ ಹಿಡಿದರು.

"ಅಜ್ಜಾರ, ನಾ ಇನ್ನೂ ಬೋಳಿಸಿಲ್ರಿ," ಎಂದ ಕೊಟ್ರೇಶ. "ಇಲ್ಲೊಂದು ಗಂಟೈತ್ರಿ. ಇಷ್ಟು ದಿನ ನನಗ ಗೊತ್ತs ಇರಲಿಲ್ಲ."

"ಅದು ನಾ ಹುಟ್ಟಿದಾಗಿಂದ ಅಲ್ಲೇ ಐತಿ ತಮ್ಮಾ. ನೀ ಬಂದದ್ದು ಇವತ್ತು."