ಕವಿತಿಲಕರ ಅಂಕಿತ

"ಈ ಸೀಮೆಯಲ್ಲಿ ನಾನು ಬರೆಯದ ಪದ್ಯವೇ ಇಲ್ಲ" ಎಂದು ಆಸ್ಥಾನಕವಿ ಶೇಷಾರ್ಯ ಹೇಳಿಕೊಳ್ಳುತ್ತಿದ್ದ. ಸುಳ್ಳಲ್ಲ. ಯಾರು ಬರೆದರೂ ಅದು ಅವನದೇ ಆಗುತ್ತಿತ್ತು.

ಹುರುಳಿಗುಡ್ಡದ ಪಾಳೆಯಗಾರ ಬೊಮ್ಮನಾಯಕ ಪ್ರತಿ ಹುಣ್ಣಿಮೆಯ ಸಂಜೆ ಅರಮನೆಯ ಅಂಗಳದಲ್ಲಿ ಕವಿಗೋಷ್ಠಿ ನಡೆಸುತ್ತಿದ್ದ. ಊರಿನವರು ಯಾರು ಬೇಕಾದರೂ ಹಾಡಬಹುದು. ಆದರೆ ಓಲೆಯನ್ನು ಮೊದಲು ಶೇಷಾರ್ಯನಿಗೆ ಕೊಡಬೇಕು, ತಪ್ಪು ತಿದ್ದಲು. ಅವನು ತಿದ್ದುತ್ತಿದ್ದದ್ದು ಕೊನೆಯ ಸಾಲಿನ ಅಂಕಿತವನ್ನು ಮಾತ್ರ. ಬರೆದವನ ಗುರುತನ್ನು ಹೆರೆದು, ಅಲ್ಲಿ "ಕವಿತಿಲಕ ಶೇಷಾರ್ಯ" ಎಂದು ಗೀಚಿ, ಎಲ್ಲರಿಗಿಂತ ಮೊದಲು ತಾನೇ ಹಾಡಿಬಿಡುತ್ತಿದ್ದ.

ಒಂದು ಹುಣ್ಣಿಮೆಗೆ ನೇಕಾರ ಕದರಯ್ಯ ಎದ್ದು ತನ್ನ ಪದ್ಯ ಹಾಡಿದ. ಅದನ್ನು ಶೇಷಾರ್ಯ ಆಗಷ್ಟೇ ಹಾಡಿ ಕುಳಿತಿದ್ದ.

"ಪದ್ಯಗಳ್ಳ!" ಎಂದ ಶೇಷಾರ್ಯ.

ಬೊಮ್ಮನಾಯಕ ಹುಬ್ಬು ಗಂಟಿಕ್ಕಿದ. "ಮುಂದಿನ ಹುಣ್ಣಿಮೆಗೆ ನಿನ್ನದೇ ಪದ್ಯ ತಾ. ಆಗಲೂ ಕದ್ದದ್ದಾದರೆ ಊರು ಬಿಡು."

ಕದರಯ್ಯನದು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿಮಗ್ಗ. ಮಗ್ಗವನ್ನು ಹೊತ್ತು ಹೋಗಬಹುದು, ಗುಂಡಿಯನ್ನು ಹೊರಲಾಗುವುದಿಲ್ಲ. ಅವನು ಕುಪ್ಪಣ್ಣನ ಮನೆಗೆ ಹೋದ. ಕುಪ್ಪಣ್ಣನಿಗೆ ಆಸ್ಥಾನದಲ್ಲಿ ಇಂಥದ್ದೇ ಎಂಬ ಕೆಲಸವಿರಲಿಲ್ಲ. ದೊರೆಗೆ ಬೇಸರವಾದಾಗ ಹೇಳಿಕಳಿಸುತ್ತಿದ್ದರು.

"ನಿನ್ನ ಅಂಕಿತ ಏನಯ್ಯ?" ಎಂದ ಕುಪ್ಪಣ್ಣ.

"ಮನೆದೇವರ ಹೆಸರು. ಹೊಳೆದಂಡೆ ರಂಗಯ್ಯ."

"ಬೆಣ್ಣೆ ಕದ್ದವನು ಅವನೇ ತಾನೆ? ಅದರ ಮೇಲೆ ಬರಿ. ಚೆನ್ನಾಗಿ ಬೈ. ಕೊನೆಯ ಸಾಲಿನಲ್ಲಿ ಹೆಸರು ಹಿಡಿದು ಬೈ."

"ದೇವರನ್ನೇ?"

"ಅವನು ಬೇಸರ ಮಾಡಿಕೊಳ್ಳುವುದಿಲ್ಲ. ಓಲೆಯನ್ನು ದೀಪ ಹಚ್ಚುವ ಹೊತ್ತಿಗೆ ಕೊಡು, ಅದಕ್ಕೆ ಮುಂಚೆ ಬೇಡ."

"ಕವಿಗಳು ಓದಿ ನೋಡಿದರೆ?"

"ಓದುವ ಅಭ್ಯಾಸವಿದ್ದರೆ ಅವರು ಬರೆಯಲು ಕಲಿಯುತ್ತಿದ್ದರು."

ಕದರಯ್ಯನಿಗೆ ಏನೂ ತಿಳಿಯಲಿಲ್ಲ. ಆದರೂ ಬರೆದ. ಹುಣ್ಣಿಮೆಯ ಸಂಜೆ ದೀಪ ಹಚ್ಚುವಾಗ ಓಲೆ ಕೊಟ್ಟು ಹಿಂದಿನ ಸಾಲಿನಲ್ಲಿ ಕುಳಿತ.

ಶೇಷಾರ್ಯ ಓಲೆಯ ತುದಿಯನ್ನು ಹೆರೆದ, ಗೀಚಿದ, ಎದ್ದು ನಿಂತ. ಗಂಟಲು ಸರಿಮಾಡಿಕೊಂಡು ಹಾಡಿದ:

"ಗಡಿಗೆ ಬರಿದಾಗಿದೆ, ಬಾಯಿ ಬೆಳ್ಳಗಾಗಿದೆ,
ಕೇಳಿದರೆ ಕಣ್ಣರಳಿಸಿ ನಾನಲ್ಲ ಎನ್ನುವೆ,
ಕಂಡವರ ಮನೆಯದನು ಕದ್ದು ಮೆದ್ದವ ನೀನೆ,"

ಅಂಕಿತ ಬಂದಾಗ ಕಣ್ಣು ಮುಚ್ಚಿ ದನಿ ಏರಿಸುವುದು ಅವನ ರೂಢಿ. ಏರಿಸಿದ.

"ಕಳ್ಳ ನೀನೇ ಕಣೋ, ಕವಿತಿಲಕ ಶೇಷಾರ್ಯ!"

ಯಾರೋ ಕೆಮ್ಮಿದರು.

"ಕೊನೆಯ ಸಾಲು ಇನ್ನೊಮ್ಮೆ ಆಗಲಿ" ಎಂದ ಕುಪ್ಪಣ್ಣ.

ಶೇಷಾರ್ಯ ಸಂತೋಷದಿಂದ ಶುರುಮಾಡಿದ. "ಕಳ್ಳ ನೀನೇ ಕಣೋ, ಕವಿ..." ಅಲ್ಲಿಗೆ ನಿಂತ. ಓಲೆ ನೋಡಿದ. ಮೊದಲಿನಿಂದ ಓದಿದ. ಬಹುಶಃ ಜೀವನದಲ್ಲಿ ಮೊದಲ ಸಲ.

"ನಿಮ್ಮದೇ ಪದ್ಯವೋ?" ಎಂದ ಬೊಮ್ಮನಾಯಕ.

"ಅಲ್ಲ ಪ್ರಭು! ಖಂಡಿತ ಅಲ್ಲ! ಇದು ಆ ನೇಕಾರನದು. ಒಂದಕ್ಷರವೂ ನನ್ನದಲ್ಲ!"

"ಅಂಕಿತ?"

"ಅದು... ಅದು ಮಾತ್ರ ನಾನು ಬರೆದದ್ದು. ಕೈತಪ್ಪಾಯಿತು."

ಕುಪ್ಪಣ್ಣ ಎದ್ದು ಕೈಮುಗಿದ. "ಕವಿಗಳು ಸುಮ್ಮನೆ ನೊಂದುಕೊಳ್ಳುತ್ತಿದ್ದಾರೆ ಪ್ರಭು. ಇಡೀ ಪದ್ಯದಲ್ಲಿ ಅವರು ಸ್ವಂತ ಬರೆದದ್ದು ಆ ಹೆಸರೊಂದೇ. ಅದು ಸರಿಯಾದ ಜಾಗದಲ್ಲೇ ಇದೆ."

ಬೊಮ್ಮನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ಕದರಯ್ಯನನ್ನು ಮುಂದೆ ಕರೆದು, ತನ್ನ ಹೆಗಲ ಮೇಲಿದ್ದ ಶಾಲನ್ನು ಅವನಿಗೆ ಹೊದಿಸಿದ.

ಕದರಯ್ಯ ಅದರ ಅಂಚು ಹಿಡಿದು ನೋಡಿದ. ತಾನೇ ನೇಯ್ದದ್ದು. ಚೆನ್ನಾಗಿದೆ ಎಂದ.