ಬೀದಿಯ ದೀಪ ತಡವಾದದ್ದು

“ಗುರುಗಳೇ, ಹೆತ್ತ ತಾಯಿಯ ಚಿತ್ತವೇ ಸ್ತಿಮಿತದಲ್ಲಿಲ್ಲ ಎಂದಮೇಲೆ ಆ ಮಗುವಿಗೆ ಹೊರಗಿನವರು ಮಾಡಬಹುದಾದದ್ದು ಏನಿದೆ?” ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗಿತ್ತಿ ಇದ್ದಳು. ಮನೆಯಲ್ಲಿ ಎಣ್ಣೆಗೇನೂ ಬರವಿಲ್ಲ. ಬೀದಿಗೆಲ್ಲ ಮೊದಲ ದೀಪ ತನ್ನದೇ ಆಗಬೇಕೆಂಬ ಹಟ ಬೇರೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ಬೆಂಕಿಯನ್ನು ಹೊರಗೆ ಕೊಟ್ಟರೆ ಲಕ್ಷ್ಮಿಯೂ ಅದರ ಹಿಂದೆಯೇ ಹೊರಟುಬಿಡುತ್ತಾಳೆ ಎಂಬುದು ಆ ಊರಿನ ನಂಬಿಕೆ. ಗಾಣಿಗಿತ್ತಿ ಅದನ್ನು ಕೂದಲೆಳೆಯಷ್ಟೂ ತಪ್ಪಿದವಳಲ್ಲ.

ಎದುರು ಮನೆಯಲ್ಲಿ ಒಬ್ಬ ವಿಧವೆ, ಅವಳ ಪುಟ್ಟ ಮಗಳು. ವಿಧವೆಯ ಚಿತ್ತ ಆಗಾಗ ಕದಡುತ್ತಿತ್ತು. ಕದಡಿದ ಸಂಜೆ, ಬೆಂಕಿ ಮಗಳನ್ನು ನುಂಗಲು ಬರುತ್ತಿದೆ ಎಂದು ಹೆದರಿ ಅವಳು ಒಲೆಗೆ ನೀರು ಸುರಿದುಬಿಡುತ್ತಿದ್ದಳು. ಮಗಳು ತಾಯಿಯನ್ನು ಸಮಾಧಾನಪಡಿಸಿ, ಮಡಕೆಯ ಚೂರು ಹಿಡಿದು ಕೆಂಡ ಕೇಳಲು ಹೊರಡುವಷ್ಟರಲ್ಲಿ ಬೀದಿಯ ಮನೆಗಳಲ್ಲೆಲ್ಲ ದೀಪ ಹಚ್ಚಿಯಾಗಿರುತ್ತಿತ್ತು.

“ಈ ಹೊತ್ತಿನಲ್ಲಿ ಬೆಂಕಿ ಕೊಡಬಾರದು ಮಗಳೇ. ಬೆಳಿಗ್ಗೆ ಬಾ,” ಎಂದು ಗಾಣಿಗಿತ್ತಿ ಕಳಿಸುತ್ತಿದ್ದಳು. ಹುಡುಗಿ ಮರುಮಾತಾಡದೆ ಹೋಗುತ್ತಿದ್ದಳು. ಮಕ್ಕಳು ಎದುರಾಡದಿದ್ದರೆ ದೊಡ್ಡವರಿಗೆ ತಾವು ಮಾಡಿದ್ದೇ ಸರಿ ಎನಿಸಿಬಿಡುತ್ತದೆ.

ಒಂದು ಸಂಜೆ ಏಕೋ ಮನಸ್ಸು ತಡೆಯಲಿಲ್ಲ. ಗಾಣಿಗಿತ್ತಿ ಒಂದು ಬಟ್ಟಲು ಅಂಬಲಿ ಹಿಡಿದು ಹುಡುಗಿಯ ಹಿಂದೆಯೇ ಹೋದಳು. ಬಾಗಿಲ ಬಳಿ ನಿಂತಾಗ ಒಳಗಿನಿಂದ ಅಳು ಕೇಳಿಸಿತು. ಊರಿಗೆಲ್ಲ ಬೆಳಕು, ನಮ್ಮ ಮನೆಗೆ ಮಾತ್ರ ಕತ್ತಲೆ, ಅದೂ ನನ್ನಿಂದಲೇ ಎಂದು ತಾಯಿ ಅಳುತ್ತಿದ್ದಳು.

“ಇಲ್ಲವ್ವ, ಇವತ್ತು ಬೀದಿಯಲ್ಲಿ ಯಾರೂ ದೀಪ ಹಚ್ಚಿಲ್ಲ. ನಾನೇ ನೋಡಿಕೊಂಡು ಬಂದೆ,” ಎಂದಳು ಮಗಳು.

ಇಷ್ಟು ಚಿಕ್ಕ ಜೀವ ಇಡೀ ಮನೆಯನ್ನು ಹೊತ್ತಿದೆ, ಹೊತ್ತದ್ದು ತಾಯಿಗೆ ತಿಳಿಯದಂತೆಯೂ ನೋಡಿಕೊಳ್ಳುತ್ತಿದೆ! ದೇವರ ಎದುರಿನಲ್ಲೂ ಗಾಣಿಗಿತ್ತಿಗೆ ಇಂಥ ಭಯಭಕ್ತಿ ಹುಟ್ಟಿರಲಿಲ್ಲ. ಒಳಗೆ ಹೋಗಿ ಇಬ್ಬರಿಗೂ ಅಂಬಲಿ ಕುಡಿಸಿ, ತಲೆ ತಗ್ಗಿಸಿ ಮನೆಗೆ ಬಂದಳು.

ಮರುದಿನ ಸಂಜೆಯೂ ಎದುರು ಮನೆಯ ಒಲೆಯ ಹೊಗೆ ಕಾಣಲಿಲ್ಲ. ಮುಸ್ಸಂಜೆ ದಾಟಿದರೂ ಗಾಣಿಗಿತ್ತಿ ದೀಪ ಹಚ್ಚಲಿಲ್ಲ.

“ಏನೇ ಇದು? ದೀಪವಿಲ್ಲದ ಮನೆಗೆ ಲಕ್ಷ್ಮಿ ಬಂದಾಳೆಯೇ?” ಎಂದು ಅತ್ತೆ ರೇಗಿದಳು.

“ಬರುತ್ತಾಳೆ ಅತ್ತೆ. ಅವ್ವನನ್ನು ಸಮಾಧಾನ ಮಾಡಿ ಬರಬೇಕಲ್ಲ, ಸ್ವಲ್ಪ ತಡವಾಗುತ್ತದೆ.”

ಹುಡುಗಿ ಬಂದಳು. ಗಾಣಿಗಿತ್ತಿ ಕೆಂಡ ಕೊಟ್ಟು ಜೊತೆಗೇ ಹೋದಳು. ಒಲೆ ಹೊತ್ತಿಸಿ, ವಿಧವೆಯ ಪಕ್ಕದಲ್ಲಿ ತಾನು ಕುಳಿತು, ಹುಡುಗಿಯನ್ನು ತನ್ನ ಮಕ್ಕಳ ಜೊತೆ ಆಡಲು ಕಳಿಸಿದಳು. ಆ ಮಗು ಆಡುವುದನ್ನು ಬೀದಿ ಅಂದೇ ಮೊದಲು ಕಂಡದ್ದು.

ಅತ್ತೆ ಕೆಲವು ದಿನ ಗೊಣಗಿದಳು, ನೆರೆಯವರು ಆಡಿಕೊಂಡರು. ಆಮೇಲೆ ಪಕ್ಕದ ಮನೆಯವಳೂ ಬತ್ತಿ ಹೊಸೆದಿಟ್ಟು ಕಾದಳು. ಬರಬರುತ್ತಾ, ವಿಧವೆಯ ಒಲೆ ಆರಿದ ಸಂಜೆಗಳಲ್ಲಿ ಬೀದಿಗೆ ಬೀದಿಯೇ ಕತ್ತಲಲ್ಲಿ ಕಾಯತೊಡಗಿತು. ದಾರಿಹೋಕರು ಬೆರಗಾಗಿ ಕೇಳಿದರೆ, “ನಮ್ಮ ಮಗು ಇನ್ನೂ ಬೆಂಕಿಗೆ ಬಂದಿಲ್ಲ,” ಎನ್ನುತ್ತಿದ್ದರು. ಹುಡುಗಿ ಕೆಂಡದೊಂದಿಗೆ ಮನೆ ಸೇರಿದ ಮೇಲೆ ಒಂದೊಂದೇ ಮನೆಯಲ್ಲಿ ದೀಪ ಬೆಳಗುತ್ತಿತ್ತು. ಕಂಡವರು ತಮಗೇ ತಿಳಿಯದೆ ಕೈಮುಗಿಯುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

“ಕೊನೆಗೆ ಆ ತಾಯಿಗೆ ಗುಣವಾಯಿತೆ?” ಎಂದು ಶಿಷ್ಯ ಕೇಳಿದ.

“ತಾಯಿಗೆ ಗುಣವಾಗುವ ತನಕ ಮಗು ಬೆಳೆಯದೆ ಕಾಯುತ್ತದೆಯೇನಪ್ಪ?” ಎಂದರು ಗುರುಗಳು.