ನಾಲಿಗೆಗೆ ಸಾಣೆ ಹಿಡಿಸಿದ ಬೆಕ್ಕು

ಆಗಿನ್ನೂ ಲೋಕದ ಬಣ್ಣ ಒಣಗಿರಲಿಲ್ಲ. ಹುಲ್ಲು ಮುಟ್ಟಿದರೆ ಕೈಗೆ ಹಸಿರು ಹತ್ತುತ್ತಿತ್ತು, ಮರಕ್ಕೆ ಒರಗಿದರೆ ಬೆನ್ನಿಗೆ ಅಂಟು ಮೆತ್ತುತ್ತಿತ್ತು. ಆ ಕಾಲದಲ್ಲಿ ಬೆಕ್ಕಿನ ನಾಲಿಗೆ ಬೆಣ್ಣೆಯಷ್ಟು ನುಣುಪು.

ಬೂದವ್ವ ಎಂಬ ಬೂದುಬಣ್ಣದ ಬೆಕ್ಕಿಗೆ ಒಂದೇ ಮರಿ. ಹೆಸರು ಸಾಸಿವೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಬೆಕ್ಕಿನ ಮುಂದೆ ಆ ಗಾದೆ ಹೇಳಬಾರದು, ಅದರ ಬಾಯಲ್ಲಿ ನೀರೂರುತ್ತದೆ. ಕಣ್ಣು ಬಿಡಬೇಕಾದ ದಿನವೇ ಸಾಸಿವೆ ಉರುಳಿಕೊಂಡು ಹೋಗಿ ಬೇವಿನ ಮರದ ಅಂಟಿನಲ್ಲಿ ಬಿತ್ತು. ಎರಡೂ ಕಣ್ಣು ಮೆತ್ತಿಕೊಂಡವು.

“ಅವ್ವಾ, ಲೋಕ ಎಲ್ಲಿ ಐತಿ?” ಎಂದಿತು ಮರಿ.

ಬೂದವ್ವ ಓಡಿಬಂದಳು. ನೆಕ್ಕಿದಳು, ನೆಕ್ಕಿದಳು. ನಾಲಿಗೆ ಜಾರಿತೇ ಹೊರತು ಅಂಟು ಜಾರಲಿಲ್ಲ. ಗಾಳಿಯನ್ನು ಕರೆದಳು. ಗಾಳಿ ಊದಿ ಊದಿ, ಇದ್ದ ಅಂಟಿಗೆ ಧೂಳನ್ನೂ ಮೆತ್ತಿಸಿತು. ಹೊಳೆಯನ್ನು ಕೇಳಿದಳು.

“ಅಂಟು ನನ್ನ ಮಾತು ಕೇಳಂಗಿಲ್ಲ ತಂಗಿ,” ಎಂದಿತು ಹೊಳೆ. “ಹೊತ್ತು ಮುಳುಗಿದ್ರ ಅದು ಒಣಗಿ ಕಲ್ಲಾಗತೈತಿ, ಆಮ್ಯಾಲೆ ಕಣ್ಣು ತೆರಿಯೂದೇ ಇಲ್ಲ. ಬಡಿಗೇರ ಸೂಗವ್ವನ ಕಡೆ ಹೋಗು. ಆಕಿ ನಾಲಿಗಿ ಭಾಳ ಹರಿತ ಅಂತಾರ.”

ಬೂದವ್ವ ಮರಿಯನ್ನು ನೆರಳಲ್ಲಿ ಮಲಗಿಸಿ ಓಡಿದಳು. ಸೂಗವ್ವ ಲೋಕದ ಮೊದಲ ತೊಟ್ಟಿಲಿನ ಹಲಗೆಯನ್ನು ತೆಳ್ಳನೆಯ ಉಕ್ಕಿನ ತಗಡಿನಿಂದ ಹೆರೆಯುತ್ತ ಕೂತಿದ್ದಳು. ಈರುಳ್ಳಿ ಸಿಪ್ಪೆಯಂಥ ಸುರುಳಿಗಳು ಏಳುತ್ತಿದ್ದವು.

“ಯಕ್ಕಾ, ನಿನ್ನಂಗ ನನ್ನ ನಾಲಿಗಿಗೂ ಸಾಣಿ ಹಿಡಿ!”

ಸೂಗವ್ವ ಬಿದ್ದು ಬಿದ್ದು ನಕ್ಕಳು. “ನನ್ನ ನಾಲಿಗಿಗೆ ಸಾಣಿಕಲ್ಲು ಬೇಕಾಗಿಲ್ಲವ್ವಾ, ಕೆಲಸ ಕೆಡಿಸೋರು ಇದ್ರ ಸಾಕು!”

ಮರಿಯ ಸುದ್ದಿ ಕೇಳಿದ್ದೇ ಅವಳ ನಗು ನಿಂತಿತು. “ಬಾ, ಕೂಡು. ಈ ತಗಡಿಗೆ ಮಾಡಿದ್ದನ್ನ ನಿನಗೂ ಮಾಡ್ತೀನಿ. ಮೂರು ಕೆಲಸ. ಮೂರೂ ಮುಗಿಯೋತನಕ ಏಳಬ್ಯಾಡ.”

ಆಗ ನಾಲಿಗೆಗಳೂ ಹೊಸವು, ಹೇಗೆ ತಿದ್ದಿದರೆ ಹಾಗೆ ಕೂರುತ್ತಿದ್ದವು. ಸೂಗವ್ವ ಮೊದಲು ಉಕ್ಕು ಸವೆಸುವ ಅರದಿಂದ ಗರಗರ ಉಜ್ಜಿದಳು. ಆಮೇಲೆ ಸಾಣೆಕಲ್ಲಿಗೆ ನೀರು ಚಿಮುಕಿಸಿ ತಿಕ್ಕಿದಳು. ನಾಲಿಗೆಯ ತುಂಬ ಚೂಪು ಚೂಪು ಮೊನೆ ಎದ್ದವು. ಅಷ್ಟರಲ್ಲಿ ದೂರದಿಂದ “ಮಿಯಾಂವ್” ಎಂಬ ಮರಿಯ ದನಿ ಕೇಳಿಸಿತು. ಬೂದವ್ವ ಚಂಗನೆ ಹಾರಿ ಓಡಿಯೇ ಬಿಟ್ಟಳು. ಆತುರಗಾರರಿಗೆ ಬುದ್ಧಿ ಮಟ್ಟ.

ಒಂದು ಸಲ ನೆಕ್ಕಿದ್ದೇ ತಡ, ಮರಿ ಚೀರಿತು. ಪುಟ್ಟ ಮೂಗಿನ ಮೇಲೆ ಗೀರು, ಗೀರಿನ ಮೇಲೆ ಒಂದು ಹನಿ ರಕ್ತ. ಅಂಟು ಮಾತ್ರ ಇದ್ದಲ್ಲೇ ಇತ್ತು.

“ಅವ್ವಾ, ಚುಚ್ಚಿದ್ದು ನೀನಾ?”

ಬೂದವ್ವನಿಗೆ ಅಳು ಒತ್ತರಿಸಿ ಬಂತು. ಮರಿಯನ್ನು ಕಚ್ಚಿಕೊಂಡು, ಮೋರೆ ಸಣ್ಣದು ಮಾಡಿಕೊಂಡು ಹಿಂದಿರುಗಿದಳು. ಹೊತ್ತು ಆಗಲೇ ಇಳಿಯುತ್ತಿತ್ತು.

“ಬರೇ ಚೂಪಾದ್ರ ಸಾಕೇನ?” ಎಂದು ಸೂಗವ್ವ ಗದರಿದಳು. “ಚೂಪು ಇದ್ದದ್ದು ಗೀರತೈತಿ ಅಷ್ಟ. ಹರಿತ ಆದದ್ದು ಆಮ್ಯಾಲೆ ಬಾಗಬೇಕು. ಅದೂ ತನ್ನ ಕಡೇನ ಬಾಗಬೇಕು. ಆಗ ಹೊಲಸಷ್ಟ ಹಿಡೀತೈತಿ, ಮೈ ಬಿಡತೈತಿ.”

ನುಣುಪಾದ ಉಕ್ಕಿನ ಸರಳು ತೆಗೆದು, ಒತ್ತಿ ಒತ್ತಿ ಎಳೆದು, ಒಂದೊಂದು ಮೊನೆಯನ್ನೂ ಗಂಟಲಿನ ಕಡೆಗೆ ಬಗ್ಗಿಸಿದಳು. ಈ ಸಲ ಬೂದವ್ವ ಬಾಲ ಕೂಡ ಅಲ್ಲಾಡಿಸಲಿಲ್ಲ.

ಬೂದವ್ವ ಹೆದರುತ್ತ ಹೆದರುತ್ತ ನೆಕ್ಕಿದಳು. ಅಂಟು ಸುರುಳಿ ಸುರುಳಿಯಾಗಿ ಎದ್ದು ಬಂತು. ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ಸಾಸಿವೆಗೆ ಮೊದಲು ಕಂಡದ್ದು ಮೂಗಿಗೆ ತಾಗುವಷ್ಟು ಹತ್ತಿರವಿದ್ದ ಅವ್ವನ ಮುಖ.

“ಲೋಕ ಇಷ್ಟು ಸಮೀಪ ಐತೇನು!” ಎಂದಿತು ಮರಿ.

ಬೂದವ್ವ ನಕ್ಕಳು, ಅತ್ತಳು, ಮತ್ತೆ ನೆಕ್ಕಿದಳು. ಕಿಟಕಿಯಲ್ಲಿ ಗಾಳಿ ಇಣುಕಿತು. “ಸೂಗವ್ವಾ, ನಿನ್ನ ನಾಲಿಗಿ ಬಗ್ಗಿಸೂದು ಯಾವಾಗ?”

“ನೀ ನಡಿ ಅತ್ತಾಗ!” ಎಂದಳು ಸೂಗವ್ವ.

ಅದಕ್ಕೇ ಇವತ್ತಿಗೂ ಬೆಕ್ಕು ನಿನ್ನ ಅಂಗೈ ನೆಕ್ಕಿದರೆ ಗರಗರ ಎನ್ನುತ್ತದೆ, ಗಾಯ ಮಾತ್ರ ಆಗುವುದಿಲ್ಲ. ಮತ್ತೆ ಮರಿಯನ್ನು ನೆಕ್ಕುವ ತಾಯಿಬೆಕ್ಕಿನ ಹತ್ತಿರ ಕಿವಿಯಿಟ್ಟರೆ, ಅಂದು ಗಂಟಲಲ್ಲೇ ಉಳಿದುಬಿಟ್ಟ ಸೂಗವ್ವನ ಅರದ ಸದ್ದು ಗುರ್ ಗುರ್ ಎಂದು ಕೇಳಿಸುತ್ತದೆ.